ಕೆಂಪು ನೆಲದ ಹಸಿವು

ಬೀದರ ಜಿಲ್ಲೆಯ ಹಳ್ಳಿಗಳ ಪಟ್ಟಿಯನ್ನು ಓದುವವರಿಗೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಹಲವು ಊರುಗಳ ಹೆಸರಿನ ಕೊನೆಗೆ ಕಂಸದೊಳಗೆ ಒಂದೊಂದು ಅಕ್ಷರ ಕುಳಿತಿರುತ್ತದೆ: ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ), ಗೋರ್ಟಾ (ಬಿ). ‘ಬಿ’ ಎಂದರೆ ಬುಜುರ್ಗ್, ಹಿರಿಯದು. ‘ಕೆ’ ಎಂದರೆ ಖುರ್ದ್, ಕಿರಿಯದು. ಬೇರೆ ಕಡೆ ನಾವು ಹಿರೇ, ಚಿಕ್ಕ ಎಂದು ಊರುಗಳನ್ನು ಗುರುತಿಸುವಂತೆ, ನಿಜಾಮರ ಸೀಮೆಯ ಕಂದಾಯದ ದಫ್ತರಗಳು ಫಾರಸಿಯ ಮಾತಿನಲ್ಲಿ ಗುರುತಿಸಿದವು. ದಫ್ತರದ ಭಾಷೆ ಹೋಯಿತು. ಅಕ್ಷರ ಮಾತ್ರ ಉಳಿಯಿತು.

ಬಸವಕಲ್ಯಾಣದ ಕಡೆಯ ಈ ಗೋರ್ಟಾದ ಹೆಸರನ್ನು ನಾಡು ಅರಿತದ್ದು ದುಃಖದಿಂದ. 1948ರ ಮೇ ತಿಂಗಳಲ್ಲಿ ರಜಾಕಾರರು ಅಲ್ಲಿ ನಡೆಸಿದ ಹತ್ಯಾಕಾಂಡವನ್ನು ಆ ಸೀಮೆ ಮರೆತಿಲ್ಲ. ಮಡಿದವರ ನೆನಪಿಗೆ ಊರಿನಲ್ಲಿ ಸ್ಮಾರಕ ನಿಂತಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಇವೆಲ್ಲ ಶಾಲೆಯ ಪುಸ್ತಕದಲ್ಲಿ ಬರುವ ಇತಿಹಾಸ. ಆದರೆ ದಫ್ತರದ ಭಾಷೆ ಬದಲಾದಾಗಲೂ, ರಾಜ್ಯದ ಗಡಿ ಬದಲಾದಾಗಲೂ, ಜನ ಬಿಡದೆ ಉತ್ತ ನೆಲವೊಂದಿದೆ. ಅದಕ್ಕೂ ಒಂದು ಇತಿಹಾಸ ಉಂಟು. ಈ ಲೇಖನದ ವಿಷಯ ಅದು.

ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿ ಜಹೀರಾಬಾದನ್ನು ದಾಟಿ ಹುಮನಾಬಾದ, ಬಸವಕಲ್ಯಾಣಗಳ ಕಡೆಗೆ ಸಾಗುವಾಗ, ಬಸ್ಸಿನ ಕಿಟಕಿಯ ಪಕ್ಕ ಕುಳಿತವರಿಗೆ ನೆಲದ ಬಣ್ಣ ಬದಲಾಗುತ್ತ ಹೋಗುವುದು ಕಾಣುತ್ತದೆ. ಒಂದೆಡೆ ಇಟ್ಟಿಗೆಯ ಕೆಂಪು. ಇನ್ನೊಂದೆಡೆ ಕಾಡಿಗೆಯ ಕಪ್ಪು. ಒಕ್ಕಲಿಗರು ಕಪ್ಪಿಗೆ ಎರೆ ಎನ್ನುತ್ತಾರೆ, ಕೆಂಪಿಗೆ ಮಸಾರಿ ಎನ್ನುತ್ತಾರೆ. ಈ ಭೇದ ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದಲ್ಲಿ ‘ಕಿಸು’ ಎಂದರೆ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲೆಂಬ ಹೆಸರು ಬಂದದ್ದು ಅದರಿಂದಲೇ. ನೆಲದ ಬಣ್ಣ ನೋಡಿ ಬೆಳೆ, ಬೆಳೆ ನೋಡಿ ಬಾಳು ಎಂಬುದು ನಮ್ಮ ಹಿರಿಯರ ಲೆಕ್ಕ.

ಬಣ್ಣ ಬೇರೆಯಾದರೂ ಈ ಎರಡು ಮಣ್ಣುಗಳೂ ಇಲ್ಲಿ ಒಂದೇ ತಾಯಿಯ ಮಕ್ಕಳು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಹರಿದು ಬಂದ ಲಾವಾರಸ ದಖನ್ನಿನ ಮೇಲೆ ಪದರ ಪದರವಾಗಿ ಹೆಪ್ಪುಗಟ್ಟಿತು. ಆ ಕರಿಕಲ್ಲೇ ಇವೆರಡಕ್ಕೂ ಮೂಲ. ಸಮುದ್ರ ಮಟ್ಟದಿಂದ 2000 ಅಡಿಗೂ ಮಿಕ್ಕಿ ಎತ್ತರವಿರುವ ಬೀದರದ ಮಟ್ಟಸ ನೆಲದ ಮೇಲೆ ಲಕ್ಷಾಂತರ ವರ್ಷ ಮಳೆ ಸುರಿಯಿತು. ಕಲ್ಲಿನಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮುಂತಾದವನ್ನು ನೀರು ಕರಗಿಸಿ ಕೊಂಡೊಯ್ಯಿತು. ಮರಳಿನ ಸಾರವಾದ ಸಿಲಿಕಾ ಕೂಡ ಬಹುಪಾಲು ಹೋಯಿತು. ನೀರಿಗೆ ಕರಗದ ಕಬ್ಬಿಣ, ಅಲ್ಯೂಮಿನಿಯಂಗಳು ಉಳಿದು ತುಕ್ಕಿನ ಬಣ್ಣ ತಳೆದವು. ತಗ್ಗಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಮೇಲಿನಿಂದ ಇಳಿದ ಸಾರ ಅಲ್ಲಿ ನಿಂತಿತು. ಜೇಡಿಮಣ್ಣು ಅದನ್ನು ಹಿಡಿದಿಟ್ಟುಕೊಂಡಿತು. ಎರೆ ಹೊಲವನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವಲ್ಲ, ಮೇಲಿನ ನೆಲ ಕಳೆದುಕೊಂಡದ್ದರಲ್ಲಿ ಒಂದು ಪಾಲು ಅಲ್ಲಿ ಕುಳಿತಿದೆ ಎಂದರೆ ತೀರ ತಪ್ಪಾಗದು. ಮೇಲಿನವನ ನಷ್ಟ ಕೆಳಗಿನವನ ಲಾಭವಾಯಿತು.

ಈ ಕೆಂಪು ಕಲ್ಲಿಗೆ ಜಗತ್ತಿನಲ್ಲಿ ಇಂದು ಸಲ್ಲುವ ಹೆಸರು ಲ್ಯಾಟರೈಟ್. ಅದನ್ನು ಇಟ್ಟವನು ಫ್ರಾನ್ಸಿಸ್ ಬುಕನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಈತ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಬೆಳೆ, ದನ, ಗೊಬ್ಬರ, ನೇಗಿಲುಗಳನ್ನೆಲ್ಲ ಬಿಡದೆ ಬರೆದುಕೊಂಡ. ಮಲಬಾರಿನ ಅಂಗಡಿಪುರದಲ್ಲಿ ಜನ ಈ ಕಲ್ಲನ್ನು ಹಸಿಯಾಗಿದ್ದಾಗ ಕತ್ತರಿಸಿ, ಗಾಳಿಗೆ ಗಟ್ಟಿಯಾಗಲು ಬಿಟ್ಟು ಮನೆ ಕಟ್ಟುವುದನ್ನು ಕಂಡ. ನಾಡಿನವರು ಇದಕ್ಕೆ ಇಟ್ಟಿಗೆ ಕಲ್ಲು ಎನ್ನುವರೆಂದು ಕೇಳಿ ತಿಳಿದ. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎನ್ನುತ್ತಾರೆ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದ ಮೂಲಕ ನಮ್ಮ ಇಟ್ಟಿಗೆ ಕಲ್ಲು ಲ್ಯಾಟಿನ್ ವೇಷ ಧರಿಸಿ ಜಗತ್ತಿನ ಭೂಗರ್ಭಶಾಸ್ತ್ರಕ್ಕೆ ಸೇರಿತು. ಮುಂದೆ 1840ರ ದಶಕದಲ್ಲಿ ಮದರಾಸು ಸೈನ್ಯದ ನ್ಯೂಬೋಲ್ಡ್ ಎಂಬ ಅಧಿಕಾರಿ ಬೀದರದ ಇದೇ ಕಲ್ಲನ್ನು ಕುರಿತು ಬರೆದ.

ಮನೆ ಕಟ್ಟುವವನಿಗೆ ಈ ನೆಲ ಒಳ್ಳೆಯದು. ಬಾವಿ ತೋಡುವವನಿಗೂ ಕೆಟ್ಟದ್ದಲ್ಲ. ಮೇಲಿನ ರಂಧ್ರಮಯ ಕಲ್ಲು ಮಳೆನೀರನ್ನು ಹೀರಿ, ಕೆಳಗಿನ ಕರಿಕಲ್ಲಿನ ಅಂಚಿನಲ್ಲಿ ಝರಿಯಾಗಿ ಹೊರಬಿಡುತ್ತದೆ. ಬೀದರದ ಝರಿಗಳೂ ಬಹಮನಿಗಳ ಕಾಲದ ಕರೇಜ್ ಎಂಬ ಸುರಂಗ ಕಾಲುವೆಗಳೂ ಈ ಗುಣದ ಫಲ. ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕುಶಲಕರ್ಮಿಗಳು ಹುಡುಕುವುದೂ ಬೀದರ ಕೋಟೆಯೊಳಗಿನ ಹಳೆಯ ಮಣ್ಣನ್ನೇ. ಆದರೆ ಬಿತ್ತುವವನ ಪಾಲಿಗೆ ಇದು ಹಸಿದ ನೆಲ. ಸುಣ್ಣದಂಥ ಕ್ಷಾರಗಳು ಕಳೆದುಹೋದಲ್ಲಿ ಮಣ್ಣು ಹುಳಿಯಾಗುತ್ತದೆ.

ಹುಳಿ ಎಂದರೆ ನಾಲಿಗೆಗೆ ತಿಳಿಯುವ ಹುಳಿಯಲ್ಲ. ಕೋಪನ್‌ಹೇಗನ್ನಿನ ಸೋರೆನ್‌ಸೆನ್ 1909ರಲ್ಲಿ ಹುಳಿಯನ್ನು ಅಳೆಯುವ ಅಂಕಿಯ ಕ್ರಮವೊಂದನ್ನು ಕೊಟ್ಟ. ಅದರಲ್ಲಿ 7 ಸಮ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅಂಕಿ ಐದೂವರೆಗಿಂತ ಕೆಳಗಿಳಿಯಿತೆಂದರೆ ಮಣ್ಣಿನ ಅಲ್ಯೂಮಿನಿಯಂ ಕರಗಲು ತೊಡಗಿ ಬೇರಿನ ತುದಿಯನ್ನು ಸುಡುತ್ತದೆ. ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಂ ಕೂಡ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಹೊಲದಲ್ಲಿ ರಂಜಕವಿದ್ದರೂ ಪೈರಿನ ಬಾಯಿಗೆ ಬಾರದು. ಬೀದರದ ಮಸಾರಿಯೆಲ್ಲವೂ ಇಷ್ಟು ಹುಳಿಯೆಂದು ಹೇಳುವಂತಿಲ್ಲ. ಹೊಲದಿಂದ ಹೊಲಕ್ಕೆ ವ್ಯತ್ಯಾಸವುಂಟು. ಆದರೂ ಎರೆಯ ಪಕ್ಕದಲ್ಲಿ ಅದು ಬಡವ ಎಂಬುದನ್ನು ಒಪ್ಪದ ಒಕ್ಕಲಿಗನಿಲ್ಲ.

ಈ ಬಡತನದ ಬಿಸಿ ಮೊದಲು ತಟ್ಟುವುದು ದ್ವಿದಳ ಬೆಳೆಗೆ, ಅದರ ಹಿಂದೆಯೇ ದನಕ್ಕೆ. ಕಾರಣ ಹೀಗಿದೆ. ಜೋಳದ ಕಣಿಕೆ ದನದ ಹೊಟ್ಟೆ ತುಂಬಿಸುತ್ತದೆ. ಮೈ ತುಂಬಿಸಲು, ಹಾಲು ಇಳಿಸಲು ಬೇಕಾದ ಸತ್ವ ಬರುವುದು ತೊಗರಿ, ಹೆಸರು, ಉದ್ದು, ಹುರುಳಿ, ಅಲಸಂದೆಗಳ ಸೊಪ್ಪು ಮತ್ತು ಹೊಟ್ಟಿನಿಂದ. ಈ ಸೀಮೆಯ ದನವಾದರೂ ಸಾಮಾನ್ಯದ್ದಲ್ಲ. ಬಿಳಿ ಮೈಗೆ ಕಪ್ಪು ಮಚ್ಚೆ ಅಥವಾ ಕಪ್ಪು ಮೋರೆ ಹೊತ್ತು, ಉಳುವುದಕ್ಕೂ ಹಾಲಿಗೂ ಒದಗುವ ದೇವಣಿ ತಳಿಯ ತವರು ಇದು. ದೇವಣಿ ಎಂಬ ಊರು ಉದಗೀರದ ಕಡೆಗಿದೆ. 1956ರವರೆಗೆ ಉದಗೀರ ಬೀದರ ಜಿಲ್ಲೆಯ ತಾಲ್ಲೂಕಾಗಿತ್ತು. ಅನಂತರ ಅದು ಮರಾಠಿ ಸೀಮೆಗೆ ಹೋಯಿತು. ತಳಿಯ ತವರು ಎರಡು ರಾಜ್ಯಗಳಿಗೆ ಹಂಚಿಹೋಯಿತು. ದನಕ್ಕೆ ಈ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗೋದಲಿಯಲ್ಲಿ ಮೇವಿದೆಯೋ ಇಲ್ಲವೋ ಎಂಬುದಷ್ಟೇ.

ಹಾಗಾದರೆ ಹಸಿದ ನೆಲಕ್ಕೆ ಉಣಿಸುವುದು ಹೇಗೆ? ರಸಾಯನಶಾಸ್ತ್ರ ಹುಟ್ಟುವ ಮುಂಚೆ ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಯಾರೂ ಕೇಳಿರಲಿಲ್ಲವೆಂದು ತಿಳಿಯುವುದು ತಪ್ಪು. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿ ಕಾಳುಗಳು ದೊರೆತಿವೆ. ಅದೇ ಜನ ದನದ ದೊಡ್ಡಿಗಳಲ್ಲಿ ಸೆಗಣಿ ಒಟ್ಟಿ ಸುಟ್ಟು ಬಿಟ್ಟುಹೋದ ಬೂದಿ ದಿಬ್ಬಗಳು ಕುಡತಿನಿ, ಬೂದಿಹಾಳ, ಉಟ್ನೂರುಗಳಲ್ಲಿ ಕಂಡುಬಂದಿವೆ. ಅವರು ಆ ಬೂದಿಯನ್ನು ಹೊಲಕ್ಕೆ ಹಾಕಿದರೆಂಬುದಕ್ಕೆ ಆಧಾರವನ್ನು ಕಲ್ಪಿಸಿಕೊಳ್ಳುವುದು ಬೇಡ. ದನವೂ ದ್ವಿದಳವೂ ಈ ನಾಡಿನಲ್ಲಿ ನಾಲ್ಕು ಸಾವಿರ ವರ್ಷಗಳಿಂದ ಜೊತೆಯಲ್ಲಿ ಬಾಳಿವೆ ಎಂಬಷ್ಟು ಮಾತ್ರ ಖಚಿತ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಪಶುವೈದ್ಯಕ್ಕೂ ಎಡೆಯುಂಟು. ಗಿಡಕ್ಕೂ ದನಕ್ಕೂ ಒಂದೇ ಗ್ರಂಥದಲ್ಲಿ ಮದ್ದು ಹೇಳಿದ ನಾಡು ಇದು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿಯೂ ಒಕ್ಕಲಿಗ ಮುದ್ದಣ್ಣನಿದ್ದಾನೆ, ತುರುಗಾಹಿ ರಾಮಣ್ಣನಿದ್ದಾನೆ. ಉಳುವವನೂ ದನ ಕಾಯುವವನೂ ಒಟ್ಟಿಗೆ ನಿಂತ ಆ ಪರಂಪರೆಯ ನಡುಮನೆ ಕಲ್ಯಾಣವೇ.

ಹೊಲದ ರೂಢಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಜೋಳದ ನಡುವೆ ಅಕ್ಕಡಿಯಾಗಿ ತೊಗರಿಯ ಸಾಲು ಹಾಕುವುದು, ಮುಂಗಾರಿಗೆ ಹೆಸರು ಉದ್ದು ಬಿತ್ತಿ ಬೇಗ ಕಿತ್ತುಕೊಳ್ಳುವುದು, ಬೆಳೆ ಬಂದ ಹೊಲದಲ್ಲಿ ಕುರಿ ತರುಬುವುದು, ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುವುದು, ಬೇಸಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಬಂಡಿಯಲ್ಲಿ ಹೇರಿ ಕೆಂಪು ಹೊಲಕ್ಕೆ ಚೆಲ್ಲುವುದು: ಇವೆಲ್ಲ ನಾಡಿನಾದ್ಯಂತ ಬಲ್ಲ ಸಂಗತಿಗಳು. ಅದರಲ್ಲೂ ಕೊನೆಯ ರೂಢಿಯನ್ನು ತುಸು ಗಮನವಿಟ್ಟು ನೋಡಬೇಕು. ಎರೆ ನೆಲದ ನೀರು ಹರಿದು ಬಂದು ನಿಲ್ಲುವ ಕೆರೆಯ ಹೂಳಿನಲ್ಲಿ ಜೇಡಿ ಇರುತ್ತದೆ, ಸುಣ್ಣ ಇರುತ್ತದೆ. ಮಳೆ ಮೇಲಿನಿಂದ ಕೆಳಕ್ಕೆ ಒಯ್ದುದನ್ನು ಎತ್ತಿನ ಬಂಡಿ ಕೆಳಗಿನಿಂದ ಮೇಲಕ್ಕೆ ತರುತ್ತಿತ್ತು. ಹುಳಿಗೆ ಸುಣ್ಣ ಮದ್ದು ಎಂಬ ಮಾತನ್ನು ಯಾವ ಪುಸ್ತಕದಲ್ಲಿಯೂ ಓದದೆ, ಆ ಮದ್ದನ್ನು ಹೊಲಕ್ಕೆ ಮುಟ್ಟಿಸಿದವರು ನಮ್ಮ ರೈತರು.

ಇಂಗ್ಲೆಂಡಿನ ರಸಾಯನ ತಜ್ಞ ವೋಲ್ಕರ್ 1889ರಿಂದ 1891ರವರೆಗೆ ಭಾರತವನ್ನೆಲ್ಲ ಸುತ್ತಿ, 1893ರಲ್ಲಿ ವರದಿ ಒಪ್ಪಿಸಿದಾಗ, ಇಲ್ಲಿಯ ರೈತನಿಗೆ ಬೇಸಾಯ ಬಾರದೆಂಬ ಮಾತನ್ನು ಅಲ್ಲಗಳೆದ. ಕಾಳಿನ ಬೆಳೆಯನ್ನು ಸರದಿಯಾಗಿಯೂ ಬೆರಕೆಯಾಗಿಯೂ ಬೆಳೆಯುವ ಜಾಣ್ಮೆಯನ್ನು ಗುರುತಿಸಿದ. ಕೊರತೆಯಿರುವುದು ರೈತನ ಬುದ್ಧಿಯಲ್ಲಲ್ಲ, ಅವನ ಕೈಗೆ ಸಿಗುವ ಗೊಬ್ಬರ ಮತ್ತು ಮೇವಿನಲ್ಲಿ. ಸೌದೆಯಿಲ್ಲದೆ ಸೆಗಣಿಯನ್ನು ಸುಡಬೇಕಾಗಿ ಬಂದಿದೆ ಎಂಬುದು ಅವನ ವಾದದ ತಿರುಳು. ಸೌದೆ ಮತ್ತು ಮೇವಿಗಾಗಿ ಕಾವಲುಗಳನ್ನು ಕಾಯ್ದಿಡಬೇಕೆಂದು ಅವನು ಹೇಳಿದ್ದು ಇಂದಿಗೂ ಹಳತಾಗಿಲ್ಲ.

ರೂಢಿಗೆ ಕಾರಣ ತಿಳಿದದ್ದು ಒಂದೊಂದಾಗಿ. ಕಾಳಿನ ಬೆಳೆ ನೆಲವನ್ನು ಹೇಗೆ ಹಸನುಗೊಳಿಸುತ್ತದೆಂಬ ಒಗಟನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಬಿಡಿಸಿದ: ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಆದರೆ ಹುಳಿಮಣ್ಣಿನಲ್ಲಿ ಆ ಜೀವಿಗಳೂ ಸೊರಗುತ್ತವೆ. 1942ರಲ್ಲಿ ಆಸ್ಟ್ರೇಲಿಯದ ಆಂಡರ್‌ಸನ್ ನಮ್ಮ ಮುರಕಲ್ಲನ್ನು ಹೋಲುವ ಕಬ್ಬಿಣಗಲ್ಲಿನ ನೆಲದಲ್ಲಿ ಮೇವಿನ ಕ್ಲೋವರ್ ಬೆಳೆಯದಿರುವುದಕ್ಕೆ ಇನ್ನೊಂದು ಕಾರಣ ಕಂಡ. ಗಂಟಿನ ಜೀವಿಗಳು ಕೆಲಸ ಮಾಡಲು ಮಾಲಿಬ್ಡಿನಂ ಎಂಬ ಲೋಹದ ಕಿಂಚಿತ್ ಅಂಶ ಬೇಕು. ಹುಳಿಮಣ್ಣು ಅದನ್ನು ಬಿಟ್ಟುಕೊಡದು. ಎಕರೆಗೆ ಕೆಲವು ತೊಲಗಳ ಲೆಕ್ಕದಲ್ಲಿ ಅದನ್ನು ಒದಗಿಸಿದರೆ ಹಾಳುಬಿದ್ದ ಕಾವಲು ಹಸಿರಾಗುತ್ತದೆ. ಸುಣ್ಣ ಹಾಕಿದಾಗ ಕಾಣುವ ಚೇತರಿಕೆಯಲ್ಲಿ ಒಂದು ಪಾಲು, ಮಣ್ಣಿನಲ್ಲಿಯೇ ಬಂದಿಯಾಗಿದ್ದ ಈ ಲೋಹ ಬಿಡುಗಡೆಯಾದದ್ದರ ಫಲ.

ಉಳಿದದ್ದು ರಂಜಕದ ಒಗಟು. ಅದು ಬಿಡಿಸಿಕೊಂಡದ್ದು ಬೀದರಕ್ಕೆ ದೂರವಲ್ಲದ ಸ್ಥಳದಲ್ಲಿ. ಹುಮನಾಬಾದನ್ನು ಹಾದುಹೋಗುವ ಆ ಹೈದರಾಬಾದ್–ಪುಣೆ ಹೆದ್ದಾರಿಯ ಮೇಲೆಯೇ ಪಟಾಂಚೆರು ಇದೆ. ಅಲ್ಲಿ 1972ರಲ್ಲಿ ಒಣಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ, ಇಕ್ರಿಸ್ಯಾಟ್, ಸ್ಥಾಪನೆಯಾಯಿತು. ಆ ಕೇಂದ್ರದ ಜಮೀನಿನಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಅಕ್ಕಪಕ್ಕದಲ್ಲಿವೆ. ಅಲ್ಲಿ ಕೆಲಸ ಮಾಡಿದ ಜಪಾನಿನ ನೊರಿಹಾರು ಆಯೆ ಮತ್ತು ಸಂಗಡಿಗರು 1990ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ ಹಿಡಿದಿಟ್ಟಿರುತ್ತದೆ; ಜೋಳ ಮೊದಲಾದ ಬೆಳೆಗಳಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ತೊಗರಿಯ ಬೇರು ಮಾತ್ರ ಪಿಸಿಡಿಕ್ ಎಂಬ ಆಮ್ಲವನ್ನು ಜಿನುಗಿಸಿ, ಕಬ್ಬಿಣವನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಆ ರಂಜಕ ತೊಗರಿಯ ಎಲೆಯಲ್ಲಿ ಸೇರಿ, ಉದುರಿ, ಕೊಳೆತು, ಮರುವರ್ಷದ ಬೆಳೆಗೆ ಒದಗುತ್ತದೆ. ಅಕ್ಕಡಿಯಲ್ಲಿ ತೊಗರಿ ಏಕೆ ಇರಬೇಕೆಂದು ಕೇಳಿದರೆ ಅಜ್ಜ ಹೇಳುತ್ತಿದ್ದ ಉತ್ತರ, ‘ಮೊದಲಿಂದಲೂ ಹಾಗೆ’ ಎಂದಷ್ಟೇ. ‘ಮೊದಲಿಂದಲೂ’ ಎಂಬ ಆ ಒಂದು ಮಾತಿನೊಳಗೆ ಇಷ್ಟು ರಸಾಯನ ಅಡಗಿತ್ತು.

ಇಷ್ಟೆಲ್ಲ ತಿಳಿದ ಕಾಲದಲ್ಲಿಯೇ ಹಳೆಯ ಸರಪಳಿ ಕಳಚಿತೆಂಬುದು ವಿಪರ್ಯಾಸ. ಬೀದರ ಜಿಲ್ಲೆಯ ಮುಂಗಾರಿನಲ್ಲಿ ಈಗ ಸೋಯಾ ಅವರೆಯ ಪ್ರಾಬಲ್ಯ. ಅದೂ ದ್ವಿದಳವೇ, ಗಂಟು ಕಟ್ಟುವುದೇ. ರೈತನ ಕೈಗೆ ನಗದು ಕೊಡುತ್ತದೆಂಬುದೂ ನಿಜ. ಆದರೆ ಅದರ ಒರಟು ಹೊಟ್ಟು ಹೆಸರು, ಉದ್ದಿನ ಹೊಟ್ಟಿಗೆ ಸಮವಲ್ಲ. ಜೋಳ ಹಿಂದೆ ಸರಿದಷ್ಟು ಕಣಿಕೆಯ ಬಣವೆಯೂ ಸಣ್ಣದಾಗುತ್ತದೆ. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸ ತೀರಿತು; ದೇವಣಿ ಎತ್ತು ಕಟ್ಟುವ ಮನೆಗಳು ಕಡಿಮೆಯಾದವು; ತಿಪ್ಪೆ ಕುಗ್ಗಿತು; ಕೆರೆಯ ಹೂಳು ಕೆರೆಯಲ್ಲಿಯೇ ಉಳಿಯಿತು. ದನವಿಲ್ಲದ ಮನೆಗೆ ಮೇವಿನ ಚಿಂತೆಯಿಲ್ಲ. ಮೇವಿನ ಬೆಳೆಯಿಲ್ಲದ ಕೆಂಪು ಹೊಲಕ್ಕೆ ಚೇತರಿಕೆಯಿಲ್ಲ. 2004ರ ಕಾಯ್ದೆಯಿಂದ ರೂಪುಗೊಂಡ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರವೇ ಆಗಿದೆ; ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವಿನಲ್ಲಿ ದೇವಣಿ ತಳಿಗಾಗಿಯೇ ಅದರ ಕೇಂದ್ರವೊಂದು ಇದೆ. ತಳಿಯನ್ನು ಕೇಂದ್ರದಲ್ಲಿ ಉಳಿಸಬಹುದು. ಹೊಲದ ಅಂಚಿನಲ್ಲಿ ಮೇವಿಲ್ಲದೆ ಊರಿನಲ್ಲಿ ಉಳಿಸಲಾಗದು.

ಹೊಸ ಮೇವಿನ ಗಿಡಗಳ ಮಾತೂ ಇಲ್ಲಿ ಬರಬೇಕು. ಕುದುರೆ ಮಸಾಲೆ ಸೊಪ್ಪು ಸೊಗಸಾದ ಮೇವು. ಆದರೆ ಅದು ಸುಣ್ಣ ಬೇಡುವ, ನೀರು ಬೇಡುವ ಶ್ರೀಮಂತ ಬೆಳೆ. ಬಡ ಕೆಂಪು ನೆಲಕ್ಕೆ ಒಗ್ಗುವುದು ಸ್ಟೈಲೋ. ರಂಜಕ ಕಡಿಮೆಯಿದ್ದರೂ, ಮಣ್ಣು ಹುಳಿಯಾದರೂ ಅದು ಬದುಕುತ್ತದೆ. ಆಸ್ಟ್ರೇಲಿಯದ ಟೌನ್ಸ್‌ವಿಲ್ ಬಂದರಿನ ಸುತ್ತ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ಬಗೆಯ ಸ್ಟೈಲೋ ಅಲ್ಲಿನ ಬಂಜರುಗಳನ್ನು ದನದ ಕಾವಲುಗಳನ್ನಾಗಿ ಮಾಡಿತು. 1970ರ ದಶಕದಲ್ಲಿ ಚಿಬ್ಬುರೋಗ ತಗಲಿ ಅದು ನೆಲಕಚ್ಚಿತು. ಒಂದೇ ಗಿಡವನ್ನು ನೆಚ್ಚಿದವರಿಗೆ ಅದು ಪಾಠ. ಅನಂತರ ಬೇರೆ ಬಗೆಗಳನ್ನು ಆರಿಸಲಾಯಿತು. 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪನೆಯಾದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಧಾರವಾಡದಲ್ಲಿ ಶಾಖೆಯುಂಟು; ಸ್ಟೈಲೋ ಅದರ ಅಭ್ಯಾಸದ ಗಿಡಗಳಲ್ಲಿ ಒಂದು. ಆ ಕುಲದ ಗಿಡವೊಂದು ದಕ್ಷಿಣ ಭಾರತದ ಬಯಲುಗಳಲ್ಲಿ ಮೊದಲಿನಿಂದಲೂ ಕಾಡುಗಿಡವಾಗಿ ಬೆಳೆಯುತ್ತಿದೆ ಎಂಬುದು ಹಲವರಿಗೆ ತಿಳಿಯದು. ಕುರಿಗಳಿಗೆ ಮಾತ್ರ ತಿಳಿದಿರಬೇಕು!

ಮಾಡಬೇಕಾದುದು ಬಹಳ ದೊಡ್ಡದೇನಲ್ಲ. ಮೊದಲು ಮಣ್ಣನ್ನು ಪರೀಕ್ಷಿಸಬೇಕು. 2015ರಿಂದ ಮಣ್ಣಿನ ಆರೋಗ್ಯ ಚೀಟಿಯ ಏರ್ಪಾಡು ಬಂದಿದೆ. ನಿಜವಾಗಿ ಹುಳಿಯಿದ್ದಲ್ಲಿ ಅಳತೆ ನೋಡಿ ಸುಣ್ಣದ ಕಲ್ಲಿನ ಪುಡಿ ಹಾಕಬೇಕು. ಅತಿಯಾದರೆ ಸತು, ಬೋರಾನ್‌ಗಳು ಗಿಡಕ್ಕೆ ಸಿಗದೆ ಮದ್ದೇ ರೋಗವಾಗುತ್ತದೆ. ಹುಳಿಮಣ್ಣಿನಲ್ಲಿ ಶಿಲಾರಂಜಕದ ಪುಡಿ ನಿಧಾನವಾಗಿ ಕರಗುತ್ತದೆಂಬುದು ಹುಳಿಯ ಒಂದು ಉಪಕಾರವೇ, ಅದನ್ನು ಬಳಸಿಕೊಳ್ಳಬಹುದು. ಬೀಜಕ್ಕೆ ಬೆಲ್ಲದ ಪಾಕದಲ್ಲಿ ಗಂಟುಜೀವಿಯನ್ನು ಲೇಪಿಸಿ, ಮೇಲೆ ಸುಣ್ಣದ ಕಲ್ಲಿನ ನುಣ್ಣನೆಯ ಪುಡಿ ಹೊದಿಸಿ ಬಿತ್ತಿದರೆ, ಇಡೀ ಹೊಲಕ್ಕೆ ಬೇಕಾದ ಮದ್ದು ಬೀಜದ ಸುತ್ತ ಚಿಟಿಕೆಯಲ್ಲಿ ಒದಗುತ್ತದೆ. ಇದಕ್ಕೆ ಮನೆಗೆ ಬಳಿಯುವ ಸುಣ್ಣ ಸಲ್ಲದು. ಅದು ಜೀವಿಯನ್ನೇ ಸುಟ್ಟೀತು. ಇವುಗಳ ಜೊತೆಗೆ ಕೆರೆಯ ಹೂಳು ಮತ್ತೆ ಮೇಲಕ್ಕೆ ಬರಬೇಕು. ಬಂಡಿಯಲ್ಲಿ ಬಾರದಿದ್ದರೆ ಟ್ರ್ಯಾಕ್ಟರಿನಲ್ಲಿಯೇ ಬರಲಿ; ಹೂಳಿಗೆ ವಾಹನದ ಮಡಿಮೈಲಿಗೆಯಿಲ್ಲ. ಬದುವಿನ ಮೇಲೆ ಸ್ಟೈಲೋ, ಹೊಲದ ನಡುವೆ ತೊಗರಿಯ ಸಾಲು ಇರಲಿ.

ಪಟ್ಟಣದಲ್ಲಿ ಕುಳಿತು ತೊಗರಿಬೇಳೆಯ ಬೆಲೆಯನ್ನೂ ಹಾಲಿನ ಬೆಲೆಯನ್ನೂ ಪತ್ರಿಕೆಯಲ್ಲಿ ನೋಡಿ ನಿಟ್ಟುಸಿರಿಡುವ ನಮಗೆ ಈ ಕೆಂಪು ನೆಲ ದೂರದ್ದೆನಿಸಬಹುದು. ನಮ್ಮ ಸಾರಿನ ಬೇಳೆಯೂ ಕಾಫಿಯ ಹಾಲೂ ಆ ನೆಲದ ಹಸಿವಿಗೆ ಕಟ್ಟಿಬಿದ್ದಿವೆ. ಗೋರ್ಟಾದಂಥ ಊರುಗಳ ಜನ ಕಷ್ಟದ ದಿನಗಳನ್ನು ಕಂಡು, ಮತ್ತೆ ನೇಗಿಲು ಹಿಡಿದು ಬದುಕಿದವರು. ಮಡಿದವರಿಗೆ ನಾವು ಸ್ಮಾರಕ ಕಟ್ಟಿದ್ದೇವೆ, ಕಟ್ಟಬೇಕಾದದ್ದೇ. ಬದುಕಿದವರ ಮೊಮ್ಮಕ್ಕಳು ಉಳುವ ಹೊಲಕ್ಕೆ ಎರಡು ಬಂಡಿ ಹೂಳು, ಒಂದು ಸೇರು ಒಳ್ಳೆಯ ಮೇವಿನ ಬೀಜ ಮುಟ್ಟುವಂತೆ ನೋಡಿಕೊಳ್ಳುವುದೂ ಅವರ ಋಣ ತೀರಿಸುವ ಒಂದು ಬಗೆ.